ಮೊಳೆ ಕಿತ್ತ ಗೋಡೆ

ಕೇನ್‌ಬ್ರೇಕ್, ಮಿಸಿಸಿಪಿ
೧೪ ಜನವರಿ ೧೯೨೮

ತಮ್ಮ ಹೋಸಿಯಾ,

ಕೊನೆಗೂ ನಾವೂ ಮನೆ ಬದಲಿಸಿದೆವು. ಹತ್ತಿ ಬಿಡಿಸಿ ಮುಗಿದು ಹೊಲಗಳು ಬೋಳಾದ ಮೇಲೆ ಅರ್ಧ ಊರೇ ಗಾಡಿ ಹೂಡಿಕೊಂಡು ಈ ಧಣಿಯ ಹೊಲದಿಂದ ಆ ಧಣಿಯ ಹೊಲಕ್ಕೆ ಹೋಗುತ್ತದಲ್ಲ, ಈ ವರ್ಷ ಆ ಸಾಲಿನಲ್ಲಿ ನಮ್ಮ ಗಾಡಿಯೂ ಇತ್ತು. ಒಲೆ, ಮಂಚ, ಅಮ್ಮ ಹೊಲಿದಿಟ್ಟು ಹೋದ ಕೌದಿ, ಕೋಳಿಗಳು. ಒಂದೇ ಗಾಡಿಗೆ ಎಲ್ಲ ಹಿಡಿಸಿದ್ದು ನೋಡಿ ನನಗೇ ನಾಚಿಕೆಯಾಯಿತು. ಈಗ ಕ್ಯಾಲಿ ಅತ್ತೆಯ ಮನೆಯ ಎದುರಿಗೇ ಇದ್ದೇವೆ, ನಡುವೆ ರಸ್ತೆ ಮಾತ್ರ. ಕಾಗದವನ್ನು ಅವಳ ಹೆಸರಿಗೇ ಬರೆ.

ಒಂದು ವಿಷಯ ಹೇಳಬಾರದು ಅಂದುಕೊಂಡಿದ್ದೆ. ಆದರೆ ಇನ್ನಾರೋ ಹೇಳಿ ನಿನಗೆ ತಿಳಿಯುವುದು ಬೇಡ. ಗೋಡೆಯ ತಂತಿ ಹೋಯಿತು. ಪೊರಕೆಗೆ ಸುತ್ತಿದ್ದ ತಂತಿಯನ್ನು ಬಿಚ್ಚಿ ನೀನು ಹೊರಗೋಡೆಗೆ ಮೊಳೆ ಹೊಡೆದು ಬಿಗಿದಾಗ ಅಮ್ಮ ಅದೇ ಪೊರಕೆಯ ಹಿಡಿಯಿಂದ ನಿನಗೆ ಬಾರಿಸಿದ್ದು ನೆನಪಿದೆಯೇ? ತಂತಿಯ ಎರಡು ತುದಿಗೂ ಅಡಿಯಲ್ಲಿ ನಶ್ಯದ ಸೀಸೆ ಸಿಕ್ಕಿಸಿ ನೀನು ಮೊದಲ ಸಲ ಮೀಟಿದಾಗ ಇಡೀ ಮನೆ ಗುಂಯ್ ಎಂದಿತ್ತು. ಒಳಗೆ ಹಿಟ್ಟು ಕಲಸುತ್ತಿದ್ದ ನನ್ನ ಎದೆಗೂ ಅದು ತಾಗಿತ್ತು.

ಹೊರಡುವ ದಿನ ಅಪ್ಪ ಸುತ್ತಿಗೆ ತೆಗೆದುಕೊಂಡು ಹೋಗಿ ಎರಡೂ ಮೊಳೆ ಕಿತ್ತ. ನಾನು ಕೋಳಿಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಗಾಡಿಯಲ್ಲಿ ಕೂತಿದ್ದೆ. ಅವನು ಮನೆಯ ಹಿಂದಕ್ಕೆ ಹೋಗಿ ಬರಿಗೈಯಲ್ಲಿ ಬಂದ. ಆ ಕಡೆ ಕೆಸರು ಹಳ್ಳ ಇರುವುದು ನಿನಗೆ ಗೊತ್ತು. ನಾನು ಏನೂ ಕೇಳಲಿಲ್ಲ. ನೀನು ಗಿಟಾರನ್ನು ಹಿಟ್ಟಿನ ಚೀಲದಲ್ಲಿ ಸುತ್ತಿಕೊಂಡು ಹೊರಟ ದಿನವೂ ಅವನನ್ನು ನಾನು ಏನೂ ಕೇಳಿರಲಿಲ್ಲ.

ಅಪ್ಪ ಆರೋಗ್ಯವಾಗಿದ್ದಾನೆ. ಭಾನುವಾರ ತಪ್ಪದೆ ಚರ್ಚಿಗೆ ಹೋಗುತ್ತಾನೆ.

ಕ್ಯಾಲಿ ಅತ್ತೆ ಹಾಡಿನ ಪೆಟ್ಟಿಗೆ ಕೊಂಡಿದ್ದಾಳೆ, ಕೀಲಿ ಕೊಟ್ಟು ತಿರುಗಿಸುವಂಥದ್ದು. "ನಿನ್ ತಮ್ಮನ ಪ್ಲೇಟ್ ಬರ್ಲಿ ಅಂತಾನೇ ತಗೊಂಡಿದ್ದು ಕಣೇ ಲೂಡೀ" ಎನ್ನುತ್ತಾಳೆ. ನಿನ್ನ ಹಾಡು ಪ್ಲೇಟಾಗುವ ವಿಚಾರ ಏನಾಯಿತು?

ನಿನ್ನ ಅಕ್ಕ,
ಲೂಡೀ


ಶಿಕಾಗೊ
೪ ಮಾರ್ಚ್ ೧೯೨೮

ಅಕ್ಕ,

ತಂತಿ ಹೋದರೆ ಹೋಗಲಿ. ಅಪ್ಪ ನನ್ನನ್ನೇ ಕಿತ್ತೆಸೆದವನು, ತಂತಿ ಯಾವ ಲೆಕ್ಕ. "ಶನಿವಾರ ಸಾರಾಯಿ ಮನೇಲಿ ಬ್ಲೂಸ್ ಬಾರಿಸ್ದೋನು ಭಾನುವಾರ ಚರ್ಚಲ್ಲಿ ನನ್ ಬೆಂಚಲ್ಲಿ ಕೂರಂಗಿಲ್ಲ" ಎಂದನಲ್ಲ, ಆ ಬೆಂಚು ಈಗಲೂ ಹಾಗೇ ಗಟ್ಟಿಯಾಗಿದೆಯೇ? ಇದನ್ನು ಅವನಿಗೆ ಓದಿ ಹೇಳಬೇಡ.

ಈಗ ನಗುವ ವಿಷಯ. ನನ್ನ ಕೋಣೆಯ ಗೋಡೆಗೆ ನಾನೂ ಒಂದು ತಂತಿ ಬಿಗಿಯಲು ಹೋದೆ. ಇಟ್ಟಿಗೆ ಗೋಡೆ. ಮೊಳೆ ಸೊಟ್ಟಗಾಗಿ, ಗಾರೆ ಉದುರಿ, ಹೇಗೋ ಬಿಗಿದು ಮೀಟಿದರೆ, ಅಕ್ಕ, ಸೊಳ್ಳೆಯಷ್ಟೂ ಸದ್ದಿಲ್ಲ. ಇಟ್ಟಿಗೆಗೆ ಕಿವಿಯೂ ಇಲ್ಲ, ಬಾಯಿಯೂ ಇಲ್ಲ. ನಮ್ಮ ಮನೆಯ ಸೀಳುಬಿಟ್ಟ ಹಲಗೆಗೋಡೆಯಲ್ಲಿ ಗಾಳಿ ನುಗ್ಗುತ್ತದೆ ಎಂದು ಬೈದುಕೊಂಡೇ ಬೆಳೆದೆವು. ಆ ಸೀಳುಗಳಲ್ಲೇ ನಾದ ಇತ್ತೆಂದು ಇಲ್ಲಿ ಬಂದ ಮೇಲೆ ತಿಳಿಯಿತು. ಮನೆಯೊಡತಿ ಮಿಸಸ್ ಪಿಂಕ್ನಿ ಬಾಗಿಲು ತಳ್ಳಿಕೊಂಡು ಬಂದಳು: "ಏಯ್ ಮಿಸಿಸಿಪಿ! ನನ್ ಗೋಡೆ ಏನು ನಿಮ್ಮೂರ ಕೋಳಿಗೂಡಾ?" ಎರಡು ಹಾಡು ಬಾರಿಸಿದ ಮೇಲೆ ಸಮಾಧಾನವಾದಳು. ಅವಳೂ ಆ ಕಡೆಯವಳೇ, ಹತ್ತಿ ಬಿಡಿಸಿದ ಬೆರಳು.

ಹಗಲು ಕಸಾಯಿಖಾನೆಯಲ್ಲಿ ಕೆಲಸ. ಶನಿವಾರ ಯಾರಾದರೂ ಮನೆಬಾಡಿಗೆ ಹೊಂದಿಸಲು ಪಾರ್ಟಿ ಇಟ್ಟರೆ ಅಲ್ಲಿ ಗಿಟಾರು. ಹೋದ ವಾರ ಪ್ಲೇಟಿನ ಕಂಪನಿಯವನೊಬ್ಬ ಮೂಲೆಯಲ್ಲಿ ನಿಂತು ಕೇಳಿದ. ಬೇಸಿಗೆ ಶುರುವಾಗುತ್ತಲೇ ಕರೆಸುತ್ತೇನೆ, ಬೆರಳು ಹೀಗೇ ಓಡುತ್ತಿರಲಿ ಎಂದ. ಕ್ಯಾಲಿ ಅತ್ತೆಗೆ ಹೇಳು, ಪೆಟ್ಟಿಗೆಯ ಧೂಳು ಒರೆಸಿಡಲಿ.

ಹೋಸಿಯಾ


ಕೇನ್‌ಬ್ರೇಕ್
೨೯ ಜುಲೈ ೧೯೨೮

ತಮ್ಮ,

ಬೇಸಿಗೆ ಶುರುವಾಗಿ ಮುಗಿಯುವುದಕ್ಕೂ ಬಂತು. ಈಸ್ಟರಿಗೆ ಒಂದು ಕಾಗದ ಹಾಕಿದೆ, ಜೂನಿನಲ್ಲಿ ಒಂದು ಹಾಕಿದೆ. ಎರಡಕ್ಕೂ ಉತ್ತರವಿಲ್ಲ. ಪ್ಲೇಟಿನ ವಿಷಯ ನಾನು ಊರಿಗೆಲ್ಲ ಹೇಳಿಬಿಟ್ಟಿದ್ದೇನೆ, ಅದೊಂದು ತಪ್ಪಾಯಿತೇನೋ. ಬಾವಿಯ ಬಳಿ ಹೋದರೆ ಎಲ್ಲರದೂ ಒಂದೇ ಮಾತು: "ಏನೇ ಲೂಡೀ, ನಿನ್ ತಮ್ಮ ಪೆಟ್ಟಿಗೆಯೊಳಗೆ ಯಾವಾಗ ಬರ್ತಾನೆ?" ಬರುತ್ತಾನೆ ಬರುತ್ತಾನೆ ಎನ್ನುತ್ತಾ ಬಿಂದಿಗೆ ಎತ್ತಿಕೊಳ್ಳುತ್ತೇನೆ.

ನಿನ್ನ ಮಾರ್ಚಿನ ಕಾಗದದಲ್ಲಿದ್ದ ಇಟ್ಟಿಗೆ ಗೋಡೆಯ ಸಂಗತಿಯನ್ನು ಅಪ್ಪನಿಗೆ ಓದಿದೆ. ಅದಷ್ಟನ್ನೇ. ಅವನು ಚಮಚ ಕೆಳಗಿಟ್ಟ. ಆಮೇಲೆ "ಸೊಪ್ಪಿಗೆ ಉಪ್ಪು ಕಮ್ಮಿ" ಎಂದ.

ಬರೆ.
ಲೂಡೀ


ಕೇನ್‌ಬ್ರೇಕ್
೨೧ ಅಕ್ಟೋಬರ್ ೧೯೨೮

ಹೋಸಿಯಾ,

ರೈಲಿನ ಪೋರ್ಟರ್ ಟೋಬಿಯಸ್ ಬಂದಿದ್ದ. ನಾನು ಕಟ್ಟಿಕೊಟ್ಟ ಪೆಕನ್ ಬೀಜದ ಗಂಟನ್ನು ನಿನಗೆ ತಲುಪಿಸಿದನಂತೆ. ನೀನು ಸ್ಟೇಷನ್ನಿನಲ್ಲಿ ನಿಂತು ಮಾತಾಡಿದೆಯಂತೆ, ಆದರೆ ಎಡಗೈಯನ್ನು ಕೋಟಿನ ಜೇಬಿನಿಂದ ತೆಗೆಯಲೇ ಇಲ್ಲವಂತೆ, ಗಂಟನ್ನೂ ಒಂದೇ ಕೈಯಲ್ಲಿ ತೆಗೆದುಕೊಂಡೆಯಂತೆ. "ನಿನ್ ತಮ್ಮ ಪಕ್ಕಾ ಸಾಹೇಬ ಆಗ್ಬಿಟ್ಟವ್ನೆ ಕಣಕ್ಕಾ" ಎಂದು ಟೋಬಿಯಸ್ ನಕ್ಕ. ನನಗೆ ನಗು ಬರಲಿಲ್ಲ. ಊರಿನ ಬೀಜಕ್ಕೆ ಎರಡು ಕೈ ಚಾಚದಷ್ಟು ದೊಡ್ಡವನಾದೆಯಾ?

ಬರೆಯುವುದಿಲ್ಲವೆಂದರೆ ಬೇಡ. ನಾನೂ ಇನ್ನು ಬರೆಯುವುದಿಲ್ಲ.

ಲೂಡೀ


ಶಿಕಾಗೊ
೧೮ ನವೆಂಬರ್ ೧೯೨೮

ಅಕ್ಕ,

ಚೆನ್ನಾಗಿದ್ದೇನೆ. ಕಸಾಯಿಖಾನೆ ಬಿಟ್ಟೆ, ಈಗ ಒಂದು ಕಟ್ಟಡದಲ್ಲಿ ಕಸ ಗುಡಿಸುವ ಕೆಲಸ. ಪ್ಲೇಟು ಸದ್ಯಕ್ಕಿಲ್ಲ. ಕಾಯಬೇಡಿ. ಕ್ಯಾಲಿ ಅತ್ತೆ ಬೇರೆಯವರ ಹಾಡು ಕೇಳಲಿ, ಇಲ್ಲಿ ಬೇಕಾದಷ್ಟು ಜನ ಚೆನ್ನಾಗಿ ಹಾಡುತ್ತಾರೆ.

ಬೀಜ ಚೆನ್ನಾಗಿದ್ದವು.

ಹೋ.


ಕೇನ್‌ಬ್ರೇಕ್
೧೭ ಫೆಬ್ರವರಿ ೧೯೨೯

ತಮ್ಮ ಹೋಸಿಯಾ,

ಬರೆಯುವುದಿಲ್ಲ ಎಂದಿದ್ದೆ. ಆದರೆ ಇದನ್ನು ಬರೆಯದಿದ್ದರೆ ನನಗೆ ಊಟ ಸೇರುವುದಿಲ್ಲ.

ನಿನ್ನೆ ಬೆಳಿಗ್ಗೆ ಕೋಳಿಗೆ ಕಾಳು ಹಾಕುತ್ತಿದ್ದೆ. ರಸ್ತೆ ಕಡೆಯ ಗೋಡೆಯಿಂದ ಟಕ್ ಟಕ್ ಸದ್ದಾಯಿತು. ಹೋಗಿ ನೋಡಿದರೆ ಅಪ್ಪ, ಬಾಯಲ್ಲಿ ಮೊಳೆ ಕಚ್ಚಿಕೊಂಡು, ಕೈಯಲ್ಲಿ ಸುರುಳಿ ಸುತ್ತಿದ ತಂತಿ ಹಿಡಿದು ನಿಂತಿದ್ದಾನೆ. ಅದೇ ತಂತಿ! ಹಳ್ಳಕ್ಕೆ ಎಸೆದಿರಲಿಲ್ಲ. ಇಷ್ಟು ದಿನ ತನ್ನ ಭಾನುವಾರದ ಕೋಟಿನ ಅಡಿಯಲ್ಲಿ, ಟ್ರಂಕಿನ ತಳದಲ್ಲಿ ಇಟ್ಟಿದ್ದ.

"ಏನಪ್ಪಾ ಮಾಡ್ತಿದ್ದೀ?"

"ಕಣ್ಣಿಲ್ವಾ? ಮೊಳೆ ಹೊಡೀತಿದ್ದೀನಿ."

"ಅದು ಹೋಸಿಯಾನ ತಂತಿ."

"ತಂತಿ ತಂತಿನೇ. ಬಟ್ಟೆ ಒಣಗಾಕಕ್ಕೆ ಬೇಕು."

"ಒಂದು ಮಾರು ತಂತೀಲಿ ಏನ್ ಒಣಗಾಕ್ತೀಯ, ಕಾಲುಚೀಲಾನಾ?"

"ಹೂಂ. ಕಾಲುಚೀಲ. ನಿನ್ ಕೆಲಸ ನೋಡ್ಕೋ ಹೋಗು."

ಬಿಗಿದಾದ ಮೇಲೆ ಎರಡು ತುದಿಗೂ ಒಂದೊಂದು ನಶ್ಯದ ಸೀಸೆ ಸಿಕ್ಕಿಸಿದ. ಕಾಲುಚೀಲಕ್ಕೆ ಸೀಸೆ ಯಾಕೆ ಎಂದು ನಾನು ಕೇಳಲಿಲ್ಲ. ಅವನು ಹೊಲಕ್ಕೆ ಹೋದ ಮೇಲೆ ಒಡೆದ ಬಾಟಲಿಯ ಕುತ್ತಿಗೆಯನ್ನು ಕಲ್ಲಿಗೆ ಉಜ್ಜಿ ನುಣುಪು ಮಾಡಿಕೊಂಡು ಹೋಗಿ ನಿಂತೆ. ನೀನು ಮಾಡುತ್ತಿದ್ದುದನ್ನು ನೋಡಿದ್ದೇ ಹೊರತು ನಾನು ಮುಟ್ಟಿದವಳಲ್ಲ. ಮೀಟಿ, ಗಾಜನ್ನು ತಂತಿಯ ಮೇಲೆ ಜಾರಿಸಿದೆ. ಹೋಸಿಯಾ, ಈ ಮನೆಗೂ ದನಿ ಇದೆ! ಹಳೆಯದಕ್ಕಿಂತ ಸ್ವಲ್ಪ ಕೀರಲು, ಆದರೆ ಇದೆ.

ಇದಕ್ಕೆ ಬೆರಳೇ ಬೇಡ ನೋಡು. ಒಂದು ಕೈಗೆ ಗಾಜು ಹಿಡಿಯಲು ಬಂದರೆ ಸಾಕು, ಇನ್ನೊಂದು ಕೈಯ ಹೆಬ್ಬೆರಳು ಮೀಟುತ್ತದೆ. ನಿಜ ಹೇಳಲಾ, ಗಿಟಾರಿನ ಮೇಲೆ ನೀನು ಬೆರಳು ಕುಣಿಸುವುದಕ್ಕಿಂತ ಇದೇ ನನಗೆ ಇಷ್ಟ. ಬೆರಳು ಮೆಟ್ಟಿಲು ಮೆಟ್ಟಿಲಿಗೂ ನಿಲ್ಲುತ್ತದೆ. ಗಾಜು ಎಲ್ಲೂ ನಿಲ್ಲದೆ ಜಾರುತ್ತದೆ, ಮನುಷ್ಯರು ಅಳುವಾಗ ಹೇಗೋ ಹಾಗೆ. ಬೆರಳಿನ ಜಂಭ ಬಿಟ್ಟು ಮತ್ತೆ ಗಾಜು ಹಿಡಿ ತಮ್ಮ.

ಕೋಪ ಹೋಯಿತು. ಬರೆ.

ಲೂಡೀ


ಶಿಕಾಗೊ
೩ ಮಾರ್ಚ್ ೧೯೨೯

ಅಕ್ಕ,

ನಿನಗೆ ಯಾರು ಹೇಳಿದರು? ಟೋಬಿಯಸ್ಸೇ ಇರಬೇಕು. ಜೇಬಿನೊಳಗೂ ನೋಡುವ ಕಣ್ಣು ಅವನದು. ಗೊತ್ತಾಗಿದ್ದರೆ ನೇರವಾಗಿ ಕೇಳಬಹುದಿತ್ತು. ತಂತಿ, ಗಾಜು, ಬೆರಳೇ ಬೇಡ, ಬೆರಳಿನ ಜಂಭ ಎಂದೆಲ್ಲ ಸುತ್ತಿ ಬಳಸಿ ಸಣ್ಣ ಮಗುವಿಗೆ ಔಷಧ ಕುಡಿಸುವ ಹಾಗೆ ಯಾಕೆ ಬರೆದೆ? ಅಪ್ಪ ಮೊಳೆ ಹೊಡೆದ ಕಥೆಯನ್ನೂ ನನ್ನ ಸಮಾಧಾನಕ್ಕೆ ಕಟ್ಟಿದೆಯಾ?

ಸರಿ, ಗೊತ್ತಾದದ್ದು ಗೊತ್ತಾಯಿತು. ಹೋದ ಮೇ ತಿಂಗಳಲ್ಲಿ, ಮಾಂಸ ಸೀಳುವ ಗರಗಸದಲ್ಲಿ. ಎಡಗೈಯ ತೋರುಬೆರಳು, ನಡುಬೆರಳು. ಪ್ಲೇಟಿನವನು ಕರೆಕಳುಹಿಸಿದಾಗ ನಾನು ಆಸ್ಪತ್ರೆಯಲ್ಲಿದ್ದೆ. ಆಮೇಲೆ ಅವನ ಕಣ್ಣಿಗೆ ಬೀಳದಂತೆ ಬೀದಿ ಬದಲಿಸಿ ಓಡಾಡಿದೆ. ಗಿಟಾರು ಮಂಚದ ಅಡಿಯಲ್ಲಿದೆ. ಮಿಸಸ್ ಪಿಂಕ್ನಿ ಗುಡಿಸುವಾಗ ಅವಳ ಪೊರಕೆ ತಗುಲಿ ಅದು ಒಮ್ಮೊಮ್ಮೆ ಗುಂಯ್ ಎನ್ನುತ್ತದೆ, ಆಗ ನಾನು ಎದ್ದು ಹೊರಗೆ ಹೋಗುತ್ತೇನೆ.

ಅಪ್ಪನಿಗೆ ಹೇಳಬೇಡ. ದೇವರು ಕೊಟ್ಟ ಶಿಕ್ಷೆ ಎನ್ನುತ್ತಾನೆ. ಅದನ್ನು ನಾನು ತಡೆದುಕೊಳ್ಳಲಾರೆ.

ಹೋಸಿಯಾ


ಕೇನ್‌ಬ್ರೇಕ್
೧೦ ಮಾರ್ಚ್ ೧೯೨೯

ನನ್ನ ತಮ್ಮ,

ನನಗೆ ಯಾರೂ ಹೇಳಿರಲಿಲ್ಲ. ಅಮ್ಮನ ಮೇಲೆ ಆಣೆ. ನಾನು ಬರೆದದ್ದು ಬರಿ ತಂತಿಯ ವಿಚಾರ, ನಿಜವಾಗಿ ನಡೆದದ್ದು. ನಿನ್ನ ಕಾಗದ ಓದಿದ ಮೇಲೆ ಆ ಸ್ಟೇಷನ್ನಿನ ಮಾತು ನೆನಪಾಗಿ, ಜೇಬಿನೊಳಗಿದ್ದ ಆ ಕೈಯನ್ನು ನಾನು ಜಂಭ ಎಂದುಕೊಂಡಿದ್ದಕ್ಕೆ, ಒಲೆಯ ಮುಂದೆ ಕೂತು ರೊಟ್ಟಿ ಸುಟ್ಟು ಕರಿಯಾಗುವವರೆಗೂ ಅತ್ತೆ.

ಹೇಳಬೇಡ ಎಂದಿದ್ದೆ. ಆದರೆ ನಾನು ಅಳುವುದನ್ನು ಅಪ್ಪ ನೋಡಿದ. ಮುಚ್ಚಿಡಲಾಗದೆ ಹೇಳಿಬಿಟ್ಟೆ. ಶಿಕ್ಷೆ ಗಿಕ್ಷೆ ಎಂದು ಅವನು ಒಂದು ಮಾತೂ ಆಡಲಿಲ್ಲ. ಬಹಳ ಹೊತ್ತು ತನ್ನ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡ. ಆಮೇಲೆ ಕೇಳಿದ:

"ಕಿರುಬೆರಳು ಐತಾ?"

"ಐತೆ ಅಂತ ಕಾಣ್ತದೆ."

"ಕಾಣ್ತದೆ ಅಂದ್ರೇನು? ಸರಿಯಾಗಿ ಕೇಳಿ ಬರಿ. ಕಿರುಬೆರಳಿದ್ರೆ ಬಾಟ್ಲಿ ಕುತ್ತಿಗೆ ಅದಕ್ಕೇ ತೂರ್ತದೆ."

ಅಷ್ಟು ಹೇಳಿ ಹೇಸರಗತ್ತೆಗೆ ನೀರು ಕುಡಿಸಲು ಹೋದ. ಇಷ್ಟು ವರ್ಷ ಅವನು ಎಷ್ಟು ಗಮನವಿಟ್ಟು ನಿನ್ನನ್ನು ನೋಡಿದ್ದಾನೆ ಹೋಸಿಯಾ! ನಾವು ಅವನು ಮುಖ ತಿರುಗಿಸಿದ್ದಾನೆ ಅಂದುಕೊಂಡಿದ್ದೆವು.

ನೀನು ಮುಚ್ಚಿಟ್ಟದ್ದನ್ನು ಹೇಳಿದೆ. ನಾನು ಮುಚ್ಚಿಟ್ಟದ್ದೂ ಒಂದಿದೆ. ಅಪ್ಪ ಈಗ ಚರ್ಚಿನಲ್ಲಿ ಎಲ್ಲರೂ ಹಾಡಲೆಂದು ಕೀರ್ತನೆಯ ಸಾಲು ಎತ್ತಿ ಕೊಡುವುದಿಲ್ಲ. ನೀನು ಹೋದ ಮರುವರ್ಷದಿಂದಲೇ. ಒಂದು ಭಾನುವಾರ ಎದ್ದು ನಿಂತ, ಕೀರ್ತನೆಯ ಮೊದಲ ಅರ್ಧ ಸಾಲು ಕೊಟ್ಟ. ಉಳಿದರ್ಧವನ್ನು ಎಳೆದು ಹಾಡಿ ಮುಗಿಸಲು ನಾವೆಲ್ಲ ಬಾಯಿ ತೆರೆದೆವು. ನಿನ್ನ ಜಾಗದಿಂದ ಬರುತ್ತಿದ್ದ ಆ ಎತ್ತರದ ದನಿ ಇರಲಿಲ್ಲ. ಅಪ್ಪ ಆ ಬೆಂಚಿನ ಕಡೆ ನೋಡಿದ. ಎರಡನೆಯ ಸಾಲು ಅವನ ಬಾಯಿಂದ ಬರಲೇ ಇಲ್ಲ, ಕೂತುಬಿಟ್ಟ. ಈಗ ಹೊಸ ಪಾದ್ರಿ ಅಚ್ಚಾದ ಪುಸ್ತಕ ತರಿಸಿದ್ದಾನೆ, ಓದಲು ಬರುವವರು ಹಾಡುತ್ತಾರೆ. ಸಭೆಯ ಹಿರಿಯನಾದ ನಮ್ಮಪ್ಪ, ಡೀಕನ್ ಆಸ್ಬರಿ ಟಾಲಿವರ್, ಹಿಂದಿನ ಬೆಂಚಿನಲ್ಲಿ ಟೋಪಿ ಹಿಡಿದುಕೊಂಡು ಕೂರುತ್ತಾನೆ.

ಕಿರುಬೆರಳು ಇದೆಯಾ? ಕೂಡಲೇ ಬರೆ.

ಲೂಡೀ


ಶಿಕಾಗೊ
೨ ಸೆಪ್ಟೆಂಬರ್ ೧೯೨೯

ಅಕ್ಕ,

ಏಪ್ರಿಲಿನಲ್ಲಿ ಒಂದೇ ಸಾಲಿನ ಕಾಗದ ಹಾಕಿದ್ದೆ: "ಇದೆ." ಆಮೇಲೆ ಸುಮ್ಮನಿದ್ದದ್ದು ಈ ಸಲ ಮುಚ್ಚಿಡಲು ಅಲ್ಲ. ಆಗುತ್ತದೋ ಇಲ್ಲವೋ ತಿಳಿಯುವವರೆಗೆ ಬರೆಯಬಾರದೆಂದು.

ಬಾಟಲಿಯ ಕುತ್ತಿಗೆಯನ್ನು ಕಿರುಬೆರಳಿಗೆ ತೂರಿಸಿಕೊಂಡೆ. ಮೊದಲ ತಿಂಗಳು ಬೆಕ್ಕಿನ ಬಾಲ ತುಳಿದ ಹಾಗಿತ್ತು. ಮಿಸಸ್ ಪಿಂಕ್ನಿ ಕೆಳಗಿನಿಂದಲೇ ಕೂಗುತ್ತಿದ್ದಳು: "ಮಿಸಿಸಿಪೀ, ಅದನ್ನ ಕೊಂದಾದ್ರೂ ಹಾಕು, ಇಲ್ಲ ಬಿಟ್ಟಾದ್ರೂ ಬಿಡು!" ಆರು ತಂತಿಗಳನ್ನು ಮರೆತು ಒಂದೇ ತಂತಿ ಇದೆ ಎಂದುಕೊಂಡೆ. ಗಿಟಾರನ್ನು ಗೋಡೆ ಎಂದುಕೊಂಡೆ. ಆಗ ಬಂತು. ಒಂದು ದಿನ ನಾನು ಬಾರಿಸುತ್ತಿರುವಾಗ ಅವಳ ಪೊರಕೆಯ ಸದ್ದು ನಿಂತುಹೋಯಿತು. ಮೆಟ್ಟಿಲ ಮೇಲೆ ಕೂತಿದ್ದಾಳೆ, ಏಪ್ರನ್ನಿನ ಅಂಚಿನಲ್ಲಿ ಮೂಗು ಒರೆಸಿಕೊಳ್ಳುತ್ತಾ. ಅವಳೇ ಹೋಗಿ ಪ್ಲೇಟಿನವನನ್ನು ಹಿಡಿದು ತಂದಳು.

ಹಾಡು ನಾನೇ ಕಟ್ಟಿದ್ದು. ಆದರೆ ಅದರ ನಡೆ ಅಪ್ಪನದು. ಅರ್ಧ ಸಾಲು ನಾನು ಹಾಡುತ್ತೇನೆ, ಉಳಿದರ್ಧವನ್ನು ಗಾಜಿಗೆ ಬಿಡುತ್ತೇನೆ. ಅಪ್ಪ ಸಾಲು ಕೊಟ್ಟಾಗ ನಾವೆಲ್ಲ ಎಳೆಯುತ್ತಿದ್ದೆವಲ್ಲ, ಹಾಗೇ ಅದು ಎಳೆದು ಮುಗಿಸುತ್ತದೆ. ಪಾರ್ಟಿಯಲ್ಲಿ ಕೇಳಿದ ಬೇರೆ ಗಿಟಾರಿನವರು ಸುತ್ತ ನಿಂತರು. "ಎಲ್ಲಿ ಕಲ್ತೆ ಗುರುವೇ?" "ಗೋಡೇಲಿ" ಎಂದೆ. ನಕ್ಕರು. ಮರುವಾರ ನೋಡಿದರೆ ಅವರಲ್ಲಿ ಇಬ್ಬರ ಬೆರಳಿಗೂ ಬಾಟಲಿ!

ಜುಲೈಯಲ್ಲಿ ಪ್ಲೇಟು ಆಯಿತು. ಟೋಬಿಯಸ್ ತರುತ್ತಾನೆ, ಕಂಬಳಿಯಲ್ಲಿ ಸುತ್ತಿಕೊಡುತ್ತೇನೆ. ಕೊನೆಯ ಚರಣದಲ್ಲಿ ಕೊನೆಯ ಸಾಲಿಲ್ಲ, ದನಿಯೂ ಇಲ್ಲ, ಗಾಜೂ ಇಲ್ಲ, ಬರಿ ಹೆಬ್ಬೆರಳಿನ ತಾಳ. ಪ್ಲೇಟು ಮಾಡುವ ಕೋಣೆಯಲ್ಲಿ ಹೊತ್ತು ಮುಗಿಯಿತೆಂದು ಕೆಂಪು ದೀಪ ಹೊತ್ತಿಕೊಂಡಿತು, ಅದಕ್ಕೇ ಹಾಗಾಯಿತು ಎಂದು ಕೇಳಿದವರಿಗೆ ಹೇಳು.

ಚರ್ಚಿನ ನಡೆಯನ್ನು ಲೋಕದ ಹಾಡಿಗೆ ತಂದೆನೆಂದು ಅಪ್ಪ ಸಿಟ್ಟಾಗಬಹುದು. ಅವನಿಗೆ ಕೇಳಿಸುವುದೋ ಬೇಡವೋ ನೀನೇ ನೋಡಿ ಮಾಡು. ನಾನು ಕಾಯುತ್ತಿರುತ್ತೇನೆ.

ಹೋಸಿಯಾ


ಕೇನ್‌ಬ್ರೇಕ್
೩ ನವೆಂಬರ್ ೧೯೨೯, ಭಾನುವಾರ

ತಮ್ಮ,

ಚರ್ಚಿನಿಂದ ಈಗ ತಾನೇ ಬಂದೆ. ಟೋಪಿ ಕೂಡ ತೆಗೆದಿಲ್ಲ, ಮೊದಲು ಬರೆಯುತ್ತೇನೆ.

ಪ್ಲೇಟು ಹೋದ ಶನಿವಾರ ಬಂತು, ಒಂದು ಗೀರೂ ಇಲ್ಲದೆ. ಅಪ್ಪನನ್ನು ಕರೆದೆ. "ದೆವ್ವದ ಪೆಟ್ಟಿಗೆ ಇರೋ ಮನೆಗೆ ನಾನು ಕಾಲಿಡಾಕಿಲ್ಲ" ಎಂದ. ಹೊರಗೋಡೆಗೆ ಬೆನ್ನು ಕೊಟ್ಟು, ನಿನ್ನ ತಂತಿಯ ಅಡಿಯಲ್ಲೇ ಕೂತು ಹೇಸರಗತ್ತೆಯ ಜೀನು ಹೊಲಿಯತೊಡಗಿದ. ಕ್ಯಾಲಿ ಅತ್ತೆಗೆ ಇಷ್ಟು ಸಾಕಾಯಿತು. ಪೆಟ್ಟಿಗೆಯನ್ನು ತಂದು ಜಗಲಿಯ ಮೇಲಿಟ್ಟು, ಅದರ ಬಾಯನ್ನು ರಸ್ತೆಯ ಕಡೆ ತಿರುಗಿಸಿದಳು. "ಗಾಳಿಗೆ ಯಾರೂ ಬೇಲಿ ಹಾಕಾಕಾಗಲ್ಲ ಡೀಕನ್ನರೇ" ಎಂದು ಕೂಗಿ ಕೀಲಿ ತಿರುಗಿಸಿದಳು. ಬಾವಿಯ ಹೆಂಗಸರೆಲ್ಲ ಬಂದಿದ್ದರು.

ನಿನ್ನ ದನಿ ಬಂತು. "ಮೊಳೆ ಕಿತ್ತ ಗೋಡೆ, ಇನ್ನೂ ನನ್ನ..." ಎಂದು ನೀನು ಬಿಟ್ಟೆ. ಗಾಜು ಎತ್ತಿಕೊಂಡಿತು. ಇಡೀ ಚರ್ಚು ಆ ಪೆಟ್ಟಿಗೆಯೊಳಗೆ ಕೂತಿದೆಯೇನೋ ಎನ್ನುವ ಹಾಗೆ. ಬಾವಿಯ ಹೆಂಗಸರಿಗೂ ತಡೆಯಲಾಗಲಿಲ್ಲ, ಎರಡನೆಯ ಚರಣಕ್ಕೆ ಗಾಜಿನ ಜೊತೆ ಎಳೆಯತೊಡಗಿದರು. ನಾನು ರಸ್ತೆಯಾಚೆ ನೋಡಿದೆ. ಅಪ್ಪನ ಸೂಜಿ ನಿಂತಿತ್ತು.

ಕೊನೆಯ ಚರಣ ಬಂತು. ನಿನ್ನ ದನಿ ನಿಂತಿತು. ಗಾಜೂ ಬರಲಿಲ್ಲ. ಹೆಂಗಸರು ಎಲ್ಲಿ ಹಿಡಿಯುವುದೆಂದು ತಿಳಿಯದೆ ಸುಮ್ಮನಾದರು. ಹೆಬ್ಬೆರಳೊಂದೇ ನಡೆಯುತ್ತಿತ್ತು, ಟುಕ್, ಟುಕ್. ಆಗ ರಸ್ತೆಯಾಚೆಯಿಂದ ಬಂತು ಹೋಸಿಯಾ. ಪದವಿಲ್ಲ, ಬರಿ ದನಿ. ತುಕ್ಕು ಹಿಡಿದ ಬಾಗಿಲು ತೆರೆದ ಹಾಗೆ ಶುರುವಾಗಿ, ಮೇಲೇರಿ, ಆ ಸಾಲನ್ನು ಕೊನೆಯವರೆಗೂ ಎಳೆದು ತಂದು ಇಳಿಸಿತು. ಅಪ್ಪ ಕಣ್ಣು ಮುಚ್ಚಿಕೊಂಡಿದ್ದ. ಬದುಕೆಲ್ಲ ಸಾಲು ಕೊಟ್ಟವನು ಅವನು. ಇನ್ನೊಬ್ಬರು ಕೊಟ್ಟ ಸಾಲಿಗೆ ಅವನು ಮರುದನಿ ಕೊಟ್ಟದ್ದನ್ನು ನಾನು ಕೇಳಿದ್ದು ಇದೇ ಮೊದಲು.

ಪೆಟ್ಟಿಗೆ ಕಿರ್ರೆಂದು ನಿಂತಿತು. ಕ್ಯಾಲಿ ಅತ್ತೆ ಬಿಡುತ್ತಾಳೆಯೇ? "ಏನ್ ಡೀಕನ್ನರೇ, ದೆವ್ವದ ಪೆಟ್ಟಿಗೆಗೆ ನೀವೇ ಮೇಳ ಕೊಟ್ರಲ್ಲ?"

ಅಪ್ಪ ಮತ್ತೆ ಸೂಜಿ ಎತ್ತಿಕೊಂಡ. "ಹುಡುಗ ಸಾಲು ಕೊಟ್ಟ. ಯಾರೂ ಎತ್ಕೊಳ್ಳಲಿಲ್ಲ. ಹಂಗೇ ಬಿಡಕ್ಕಾಗ್ತದಾ?" ಎಂದ. ಎರಡು ಹೊಲಿಗೆ ಹಾಕಿ, ಯಾರನ್ನೂ ನೋಡದೆ, "ಇನ್ನೊಂದ್ಸಲ ಹಾಕು" ಎಂದ.

ಇವತ್ತು ಚರ್ಚಿನಲ್ಲಿ ಪಾದ್ರಿ ಪುಸ್ತಕ ತೆರೆಯುವ ಮೊದಲೇ ಹಿಂದಿನ ಬೆಂಚಿನಿಂದ ಅಪ್ಪ ಎದ್ದು ನಿಂತ. ಅರ್ಧ ಸಾಲು ಕೊಟ್ಟ. ನಾವೆಲ್ಲ ಎತ್ತಿಕೊಂಡೆವು. ಎರಡನೆಯ ಸಾಲನ್ನೂ ಕೊಟ್ಟ, ಮೂರನೆಯದನ್ನೂ. ಪುಸ್ತಕಗಳು ಮಡಿಲಲ್ಲೇ ಉಳಿದವು.

ಮನೆಗೆ ಬರುವಾಗ ದಾರಿಯಲ್ಲಿ ನನ್ನನ್ನು ಕೇಳಿದ: "ದೀಪ ಹತ್ಕೊಂತು ಅಂತ ಬರ್ದವ್ನಲ್ಲ, ನಿಜಾನಾ?" ನನಗೆ ಗೊತ್ತಿಲ್ಲ ಎಂದೆ. ಕೇಳಿ ಬರೆಯಬೇಕಂತೆ.

ಲೂಡೀ


ಶಿಕಾಗೊ
೧೭ ನವೆಂಬರ್ ೧೯೨೯

ಅಕ್ಕ,

ಇದನ್ನು ಅಪ್ಪನಿಗೆ ಪೂರ್ತಿ ಓದು, ಒಂದು ಅಕ್ಷರವನ್ನೂ ಬಿಡಬೇಡ.

ದೀಪ ಹೊತ್ತಿರಲಿಲ್ಲ.

ಈ ಚಳಿಗಾಲ ಮನೆ ಬದಲಿಸುವುದಾದರೆ ಗಾಡಿ ಹೂಡಲು ಅವಸರ ಮಾಡಬೇಡಿ. ಟೋಬಿಯಸ್ಸನ ರೈಲಿನಲ್ಲಿ ಕ್ರಿಸ್ಮಸ್ಸಿಗೆ ಮೊದಲೇ ಹೊರಡುತ್ತಿದ್ದೇನೆ. ಗೋಡೆಯ ಮೊಳೆಗಳನ್ನು ಈ ಸಲ ನಾನು ಕೀಳುತ್ತೇನೆ. ಹೊಸ ಮನೆಯಲ್ಲಿ ಅಪ್ಪ ಹೊಡೆಯಲಿ.

ಹೋಸಿಯಾ